ಹೊಳೆಗೆ ಅಪ್ಪಣೆ ಕೊಟ್ಟ ದೊರೆ

"ನಾನು ತಿರುಗು ಅಂದರೆ ಹೊಳೆ ತಿರುಗುತ್ತದೆ," ಎಂದ ಕಾಂಬೋಡಿಯಾದ ಒಬ್ಬ ದೊರೆ.

ತಿರುಗುವುದೇನೋ ನಿಜ. ಆ ದೇಶದ ನಡುವೆ ಒಂದು ದೊಡ್ಡ ಸರೋವರ. ಅಲ್ಲಿಂದ ಹೊರಟ ಹೊಳೆ ಅರ್ಧ ವರ್ಷ ಸಮುದ್ರದ ಕಡೆ ಹರಿಯುತ್ತದೆ. ಮಳೆಗಾಲದಲ್ಲಿ ಅದು ಹೋಗಿ ಸೇರುವ ಮೆಕಾಂಗ್ ನದಿ ಉಕ್ಕಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಸರೋವರ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಜನರಿಗೆ ಮೀನು ಅಲ್ಲಿ, ಭತ್ತ ಅಲ್ಲಿ. ಕೆಲವರ ಮನೆಗಳೂ ನೀರಿನ ಮೇಲೇ ತೇಲುತ್ತವೆ. ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ನೀರು ಮತ್ತೆ ಸಮುದ್ರದ ದಾರಿ ಹಿಡಿಯುತ್ತದೆ.

ಆ ದಿನ ನೋಡಿಕೊಂಡು ದೊರೆ ದೋಣಿಯಲ್ಲಿ ನಿಂತು ಕತ್ತಿ ಎತ್ತುತ್ತಿದ್ದ. ತನ್ನ ಮಾತಿಗೇ ಹೊಳೆ ತಿರುಗಿತು ಎಂದು ನಂಬಿಬಿಟ್ಟ. ಮಂತ್ರಿಗಳು ಹೌದೆಂದರು. ಅವರಿಗೆ ಸಂಬಳ ಬರುತ್ತಿದ್ದುದೇ ಹೌದೆನ್ನಲು.

ನೆಮ್ ಎಂಬ ಮುದಿ ಮೀನುಗಾರ ಮಾತ್ರ ಸಂತೆಯಲ್ಲಿ, "ಮಳೆ ಬಂದರೆ ತುಂಬುತ್ತದೆ, ತುಂಬಿದರೆ ತಿರುಗುತ್ತದೆ. ದೊರೆಗೂ ಅದಕ್ಕೂ ಏನು ಸಂಬಂಧ?" ಎಂದ. ಹಿಡಿದು ತಂದರು. ಹುಣ್ಣಿಮೆಗೆ ನೇಣು ಎಂದು ತೀರ್ಪಾಯಿತು.

ಆಸ್ಥಾನದ ಜಾಣ ಸರಿನ್‌ಗೆ ಈ ನೆಮ್ ಹೆಣ್ಣು ಕೊಟ್ಟ ಮಾವ. ಮಾವನ ಬಾಯಿ ಅವನಿಗೂ ಸೇರುತ್ತಿರಲಿಲ್ಲ. ಆದರೆ ಹೆಂಡತಿ ಬೆಳಿಗ್ಗೆ ಹೇಳಿದ್ದಳು: "ಅಪ್ಪನಿಲ್ಲದೆ ಮನೆಗೆ ಬರಬೇಡಿ."

ಸರಿನ್ ದೊರೆಗೆ ಕೈಮುಗಿದ. "ಪ್ರಭು, ಬರೀ ನೇಣು ಸಾಲದು. ಹೊಳೆ ಹಿಂದೆ ಹರಿಯುವುದೂ ಮುಂದೆ ಹರಿಯುವುದೂ ತಮ್ಮ ಅಪ್ಪಣೆಯಿಂದಲೇ ಎಂದು ಊರೂರಿಗೆ ಡಂಗುರ ಹೊಡೆಸಬೇಕು."

"ಇದು ನನಗೇ ತೋಚಬೇಕಿತ್ತು."

"ತಮಗೆ ಪುರುಸೊತ್ತೆಲ್ಲಿ, ಪ್ರಭು? ಒಂದು ಹೊಳೆ ನೋಡಿಕೊಳ್ಳಬೇಕು."

ಡಂಗುರ ಹೊಡೆದ ಮೂರನೆಯ ದಿನ ಅರಮನೆಯ ಮುಂದೆ ದೋಣಿಗಳು ಸಾಲುಗಟ್ಟಿದವು. ಆ ವರ್ಷ ನೀರು ಮಿತಿಮೀರಿ ಏರಿತ್ತು.

"ಇವರಿಗೇನು ಬೇಕಂತೆ?" ದೊರೆ ಸರಿನ್‌ನನ್ನು ಕೇಳಿದ.

"ಸರೋವರದ ದಂಡೆಯ ರೈತರು, ಪ್ರಭು. ಪೈರು ಮುಳುಗಿ ಕೊಳೆಯಿತಂತೆ."

"ಅದಕ್ಕೆ ನಾನೇನು ಮಾಡಲಿ?"

"ನಾಟಿ. ಪರರ ಪೈರು ಹಾಳು ಮಾಡಿದವನು ತಾನೇ ಗದ್ದೆಗಿಳಿದು ನೆಟ್ಟುಕೊಡಬೇಕು. ತಮ್ಮ ತಾತನವರ ಕಾನೂನು. ನೀರು ನುಗ್ಗಿಸಿದ್ದು ತಾವು. ಸಸಿ ಅವರೇ ತಂದಿದ್ದಾರೆ."

ಮುಂದಿದ್ದ ಮುದುಕಿ ಸಸಿಯ ಕಟ್ಟು ಚಾಚಿದಳು. "ನನ್ನ ಗದ್ದೆ ಮೊದಲು, ಸ್ವಾಮಿ. ಮೊಣಕಾಲುದ್ದ ಕೆಸರಿದೆ, ಪಂಚೆ ಎತ್ತಿಕಟ್ಟಿ. ಜಿಗಣೆಯೂ ಬಹಳ. ಅವಕ್ಕೂ ಒಂದು ಅಪ್ಪಣೆ ಕೊಟ್ಟುಬಿಡಿ."

ದೊರೆ ತನ್ನ ಜರಿಯ ಮೆಟ್ಟು ನೋಡಿಕೊಂಡ. ದೋಣಿಗಳ ಸಾಲು ನೋಡಿದ. ಅದರ ಕೊನೆ ಕಾಣಲಿಲ್ಲ.

"ನನ್ನ ಅಪ್ಪಣೆ ಅಂತ ಯಾರು ಹೇಳಿದ್ದು? ಮಳೆ ಬಂದರೆ ತುಂಬುತ್ತದೆ, ತುಂಬಿದರೆ ತಿರುಗುತ್ತದೆ. ನನಗೂ ಅದಕ್ಕೂ ಏನು ಸಂಬಂಧ?"

ಸರಿನ್ ಕಾವಲುಗಾರನ ಕಡೆ ತಿರುಗಿದ. "ನೇಣಿನ ಹಗ್ಗ ಎಷ್ಟಿವೆಯಪ್ಪ?"

"ಒಂದೇ, ಸ್ವಾಮಿ."

"ಪ್ರಭು, ನಮ್ಮ ಮಾವ ಹೇಳಿದ್ದೂ ಇದೇ ಮಾತು. ಈಗ ಅಪರಾಧಿಗಳು ಇಬ್ಬರು, ಹಗ್ಗ ಒಂದು. ಯಾರು ಮೊದಲು ಅಂತ ಅಪ್ಪಣೆಯಾಗಲಿ."

ಮಂತ್ರಿಗಳು ಹೌದೆನ್ನಲು ಬಾಯಿ ತೆರೆದರು. ಯಾವುದಕ್ಕೆ ಎಂದು ತಿಳಿಯದೆ ಮುಚ್ಚಿಕೊಂಡರು.

ದೊರೆಗೆ ನಗು ತಡೆಯಲಾಗಲಿಲ್ಲ.

"ಮುದುಕನೇ ಮೊದಲು. ಅವನು ಮನೆಗೆ ಹೋಗಲಿ, ಅವನ ಹಿಂದೆಯೇ ನಾನೂ ನನ್ನ ಮನೆಗೆ ಹೋಗುತ್ತೇನೆ. ಇವರಿಗೆಲ್ಲ ಅರಮನೆಯ ಕಣಜ ತೆಗೆಸು, ಸರಿನ್. ಕೆಸರಿಗೆ ಮಾತ್ರ ನನ್ನನ್ನು ಕರೆಯಬೇಡ."