ಸಣ್ಣೀರಮ್ಮನ ರೇಡಿಯೋ ಹಾಡೋ ಹೊತ್ತು

"ಕೆಟ್ಟಿರೋದು ನನ್ನ ರೇಡಿಯೋ ಅಲ್ಲ ಸಾರ್, ಕರೆಂಟ್ ತಂತೀಲಿ ನೀವು ಬಿಟ್ಟಿರೋ ಇಂಟರ್ನೆಟ್ಟು. ಅದು ಓಡಿದಾಗ್ಲೆಲ್ಲ ಇದು ಗೊರ್ ಅನ್ನುತ್ತೆ," ಅಂದ್ಲು ಇಂಟರ್ನೆಟ್ ಕಂಪ್ನೀಲಿ ಟೀ ಮಾಡೋ ಸಣ್ಣೀರಮ್ಮ.

ಓನರ್ ಮುಂದೆ ಗತ್ತು ತೋರ್ಸೋಕೆ ಮ್ಯಾನೇಜರ್, ಗೊರ್ ಅನ್ನೋ ಆ ರೇಡಿಯೋನ ಕೆಟ್ಟಿದೆ ಅಂತ ಬಿಸಾಕೋಕೆ ಬಂದಿದ್ದ. "ಸುಳ್ಳು! ಹಂಗಾದ್ರೆ ಈಗ್ಯಾಕೆ ಚೆನ್ನಾಗಿ ಹಾಡ್ತಿದೆ?"

ಹೌದು, ಹಾಡ್ತಿತ್ತು. ಊಟ ಮುಗಿದ ಹೊತ್ತಿನ ಬಿಸಿಲು, ಟೀ ಹಬೆ, ಎಲ್ಲಿಂದ್ಲೋ ತೇಲಿ ಬರೋ ಕೊಳಲು. ನಿಂತಲ್ಲೇ ಓನರ್ ಕಣ್ಣು ಅರ್ಧ ಮುಚ್ಚಿತ್ತು.

"ಈ ಹೊತ್ತಲ್ಲಿ ದಿನಾ ಹಾಡುತ್ತೆ ಸಾರ್. ಒಳಗೆ ನಿಮ್ಮ ಸ್ಟಾಫೆಲ್ಲ ಮಲಗಿರ್ತಾರಲ್ಲ."

ಓನರ್ ಕಣ್ಣು ಪೂರ್ತಿ ತೆರೀತು. ಮ್ಯಾನೇಜರ್ ಒಳಗೆ ಓಡ್ದ. ಅರೆಗಳಿಗೇಲಿ ಕೊಳಲು ಮುಳುಗಿ ರೇಡಿಯೋ ಗೊರ್ ಅಂತು.

"ಎದ್ರು ಅನ್ಸುತ್ತೆ," ಅಂದ್ಲು ಸಣ್ಣೀರಮ್ಮ.

"ರೇಡಿಯೋ ಇಲ್ಲೇ ಇರ್ಲಿ ಕಣಮ್ಮ, ನಂಗೆ ಬೇಕಾಗುತ್ತೆ," ಅಂದ ಓನರ್ರು ಆಚೆ ತಮ್ಮ ರೂಮಿಗೆ ಹೋಗಿ ಮೆಲ್ಲಗೆ ಬಾಗ್ಲು ಹಾಕ್ಕೊಂಡ್ರು.