ಕಂಬ ಮಲಗಿಸಿದ ತುಳಸು

ಕಾಲು ಒಳಗೆ ಎಳ್ಕೊ, ಕಂಬಳಿ ಹೊದ್ಕೊ. ಗುಡುಗಿಗೆ ಯಾಕೆ ಹೆದರ್ತೀಯ ಮಗಾ? ಅದು ಬರೀ ಬಾಯಿಬಡುಕ, ಕೆಲಸ ಮಾಡೋದೆಲ್ಲ ಮಿಂಚು. ಹೂಂಗುಟ್ತಾ ಇರು, ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ದೋಣಿಗೆ ಇನ್ನೂ ಎಂಜಿನ್ನು ಬಾರದೆ ಎಲ್ಲಾನೂ ಗಾಳಿ ನಂಬ್ಕೊಂಡೇ ನಡೀತಿದ್ದಾಗ, ಕಡಲ ತಡಿಯ ಒಂದೂರಲ್ಲಿ ಜಟ್ಟಪ್ಪ ಅಂತ ಒಬ್ಬ ತಾಂಡೇಲ ಇದ್ದನಂತೆ. ತಾಂಡೇಲ ಅಂದ್ರೆ ದೋಣಿಯ ಯಜಮಾನ, ಅವನು ಹೂಂ ಅಂದ್ರೇನೇ ಹಾಯಿ ಏರೋದು. ಅವನಿಗೆ ಮೂರು ಮಕ್ಕಳಂತೆ. ದೊಡ್ಡವನು ಬೀರ, ಅವನಿಗೆ ತೋಳಲ್ಲಿ ಬಲ. ನಡುವಿನವನು ಮಾಸ್ತಿ, ಅವನಿಗೆ ಬಾಯಲ್ಲಿ ಬಲ. ಕೊನೆಯವಳು ತುಳಸು, ಅವಳಿಗೆ ಹಟ. ಹಿಡಿದ್ರೆ ಉಡದ ಪಟ್ಟು, ನಿನ್ನ ಹಾಗೇ.

ಆ ಊರಲ್ಲಿ ಒಂದು ಕಟ್ಟಳೆ ಇತ್ತಂತೆ. ಹಾಯಿ ಕಟ್ಟೋ ಕಂಬಾನ ನೀರಿನ ಮೇಲೆ ಯಾವತ್ತೂ ಮಲಗಿಸಬಾರದು. ತಾಂಡೇಲ ಕಡಲಲ್ಲಿ ಸತ್ತರೆ ಮಾತ್ರ ಕಂಬ ಮಲಗಿಸಿ ಹೆಣ ತರೋದು. ಕಂಬ ಇಲ್ಲದ ದೋಣಿ ದೂರದಲ್ಲಿ ಕಂಡ್ರೆ ಸಾಕು, ದಡದಲ್ಲಿ ನಿಂತ ಅವನ ಹೆಂಡ್ತಿ ಬಳೆ ಒಡ್ಕೊಂಡುಬಿಡ್ತಿದ್ದಳಂತೆ. ನನ್ನ ಕೇಳಿದ್ರೆ ಶುದ್ಧ ದಡ್ಡ ಕಟ್ಟಳೆ, ಆದ್ರೆ ನನ್ನ ಕೇಳೋರು ಯಾರು?

ಒಂದು ಸಲ, ಮಳೆಗಾಲ ಇನ್ನೇನು ಬರಬೇಕು ಅನ್ನೋ ದಿನದಲ್ಲಿ, ಜಟ್ಟಪ್ಪ ಮೀನು ಒಣಗಿಸೋಕೆ ನಡುಗಡ್ಡೆಗೆ ಹೋದೋನು ಜ್ವರ ಬಂದು ಅಲ್ಲೇ ಮಲಗಿಬಿಟ್ಟನಂತೆ. ಮದ್ದು ಕೊಡೋ ಮುದುಕಿ ಊರಲ್ಲಿ, ಇವನು ನೀರಾಚೆ. ಸುದ್ದಿ ಬಂದದ್ದೇ ತಡ, ಮೂರೂ ಮಕ್ಕಳು ದೋಣಿ ತಗೊಂಡು ಹೋಗಿ, ಅಪ್ಪನನ್ನ ಚಾಪೆ ಸಮೇತ ಎತ್ತಿ ಮಲಗಿಸಿ, ಮಧ್ಯಾಹ್ನದ ಕಡಲಗಾಳಿಗೆ ಹಾಯಿ ಬಿಚ್ಚಿದರಂತೆ. ಸಂಜೆಯೊಳಗೆ ಮದ್ದು ಹೊಟ್ಟೆಗೆ ಹೋಗದಿದ್ರೆ ಅಪ್ಪ ಉಳಿಯಲ್ಲ ಅಂತ ಮೂವರಿಗೂ ಗೊತ್ತಿತ್ತು.

ಆಮೇಲೆ ಅರ್ಧ ದಾರಿ ಬಂದಿದ್ದಾರೆ, ತುಳಸು ಘಟ್ಟದ ಕಡೆ ನೋಡ್ತಾಳೆ, ಬಿಳಿ ಮೋಡ ಒಂದು ಒಲೆ ಮೇಲಿನ ಹಾಲಿನ ಹಾಗೆ ಉಕ್ಕಿ ಉಕ್ಕಿ ಏರಿ, ನೆತ್ತಿಯಲ್ಲಿ ಮಣೆ ಇಟ್ಟ ಹಾಗೆ ಚಪ್ಪಟೆ ಆಗಿದೆಯಂತೆ. ಅಣ್ಣಾ, ಇದು ಮಿಂಚಿನ ಮೋಡ, ಅಂದಳಂತೆ. ಮಾಸ್ತಿ ನಕ್ಕುಬಿಟ್ಟ. ಮೋಡಕ್ಕೆಲ್ಲ ಹೆದರೋಳು ಮನೇಲಿ ಒಲೆ ಮುಂದೆ ಕೂತಿರಬೇಕಿತ್ತು ತಂಗೀ, ಅಂದನಂತೆ. ಸಿಡಿಲು ಬಂದ್ರೆ ಕಬ್ಬಿಣ ಮೈಹತ್ತಿರ ಇರಬಾರದು ಅಂತ ತುಳಸು ಅಪ್ಪನ ಪಕ್ಕ ಇದ್ದ ಕಬ್ಬಿಣದ ಲಂಗರನ್ನ ಎಳ್ಕೊಂಡು ಹೋಗಿ ದೋಣಿಯ ಮುಂದಿನ ತುದಿಗೆ ಇಟ್ಟಳಂತೆ.

ಆಮೇಲೆ, ಬೆನ್ನಿಗೆ ಬೀಸ್ತಿದ್ದ ಕಡಲಗಾಳಿ ತಟ್ಟನೆ ನಿಂತೇಹೋಯ್ತಂತೆ. ಹಾಯಿ ಜೋಲು ಬಿತ್ತು, ನೆಲದ ಕಡೆಯಿಂದ ತಣ್ಣನೆ ಗಾಳಿ ಬಂದು ಮುಖಕ್ಕೆ ಹೊಡೀತು, ಮೋಡದೊಳಗೆ ಫಳಕ್ ಅಂತ ಮಿಂಚಿತು. ಮಿಂಚು ಕಂಡ ಕೂಡಲೆ ಹುಟ್ಟು ಹಾಕೋ ಹಾಡು ಶುರುಮಾಡಬೇಕು, ಗುಡುಗು ಬಂದು ಹಾಡನ್ನ ಎಲ್ಲಿ ಕಡಿಯುತ್ತೋ ನೋಡಬೇಕು, ಅದು ಅಪ್ಪ ಕಲಿಸಿದ್ದ ಲೆಕ್ಕ. ತುಳಸು ಹಾಡಿದಳಂತೆ:

ಗಾಳಿಗೆ ಗಂಜಿ ಹಾಕು ಹೈಸಾ
ಅಲೆಗೆ ಎಲೆ ಹಾಕು ಹೈಸಾ
ಮನೆ ಕಡೆ ಮುಖ ಹಾಕು ಹೈಸಾ

ಮೂರು ಸಾಲೂ ಮುಗಿದ್ರೆ ಸಿಡಿಲು ದೂರ ಇದೆ, ದಡಕ್ಕೆ ತಿರುಗು. ಎರಡರಲ್ಲಿ ಕಡಿದ್ರೆ ಹಾಯಿ ಇಳಿಸು. ಒಂದರಲ್ಲೇ ಕಡಿದ್ರೆ ಕೈಮುಗಿದು ಕೂತ್ಕೊ, ಇನ್ನು ದೇವರಿಟ್ಟ ಹಾಗೆ, ಅನ್ನೋನಂತೆ ಅಪ್ಪ. ಆವತ್ತು ಮೊದಲನೇ ಮಿಂಚಿಗೆ ಮೂರು ಸಾಲೂ ಮುಗೀತು. ಇನ್ನೊಂದಕ್ಕೆ ಎರಡರಲ್ಲೇ ಕಡೀತು. ಮಾಸ್ತಿಯ ನಗು ಎಲ್ಲಿ ಹೋಯ್ತೋ, ಹಾಯಿ ಸರಸರ ಇಳಿಸಿ ಅಣ್ಣತಮ್ಮ ಹುಟ್ಟು ಹಿಡಿದರಂತೆ.

ಆಮೇಲೆ ತುಳಸು ತನ್ನ ಕೈ ನೋಡ್ಕೊಳ್ತಾಳೆ, ರೋಮ ಎಲ್ಲ ಎದ್ದು ನಿಂತಿದೆ. ಕಂಬದ ತುದಿ ಜೇನುಹುಳದ ಹಾಗೆ ಗುಂಯ್ ಅಂತಿದೆ. ಮಿಂಚಿತು, ಗಾಳಿಗೆ ಗಂಜಿ ಅನ್ನೋದ್ರೊಳಗೆ ಗುಡುಗು ಬಂದು ಮೈಮೇಲೆ ಬಿದ್ದ ಹಾಗಾಯ್ತಂತೆ.

ಕಂಬ ಮಲಗಿಸಿ, ಅಂದಳು ತುಳಸು.

ಬೀರ ಬೆಂಕಿ ಆಗಿಬಿಟ್ಟನಂತೆ. ಅಪ್ಪ ಉಸಿರಾಡ್ತಿರೋವಾಗಲೇ ಸಾವನ್ನ ಕರೀತೀಯಾ, ದಡದಲ್ಲಿ ಅವ್ವ ನೋಡ್ತಾ ನಿಂತಿದ್ದಾಳೆ, ಅಂತ ಕೂಗಿದನಂತೆ. ತುಳಸು ಅಂದಳಂತೆ, ಹೋದ ವರ್ಷ ಸಿಡಿಲು ಬಿದ್ದಾಗ ನೋಡಿದ್ದೀನಣ್ಣ, ಕಂಬ ನಿಂತಿದ್ದ ದೋಣಿ ಸೀಳಿಹೋಯ್ತು, ದಡದಲ್ಲಿ ಕಂಬ ಬಿಚ್ಚಿಟ್ಟಿದ್ದ ದೋಣಿಗೆ ಒಂದು ಗೀರೂ ಬೀಳಲಿಲ್ಲ, ತಲೆ ಎತ್ತಿ ನಿಂತದ್ದರ ಮೇಲೇ ಸಿಡಿಲಿಗೆ ಕಣ್ಣು. ಸತ್ತ ತಾಂಡೇಲನಿಗೆ ಮಲಗೋ ಕಂಬ ಬದುಕಿರೋ ತಾಂಡೇಲನಿಗೆ ಮಲಗಬಾರದಾ? ಅಷ್ಟು ಅಂದೋಳೇ ಮೀನು ಕೊಯ್ಯೋ ಕತ್ತಿ ತಗೊಂಡು ಹಗ್ಗ ಕೊಯ್ಯೋಕೆ ಕೂತಳಂತೆ. ಕಂಬ ವಾಲಿತು. ಅದು ಅವಳ ಮೇಲೇ ಬಿದ್ದುಬಿಡುತ್ತೆ ಅಂತ ಕಂಡು ಬೀರ ಓಡಿಬಂದು ಹೆಗಲು ಕೊಟ್ಟನಂತೆ, ಇಬ್ಬರೂ ಸೇರಿ ಮಲಗಿಸಿ, ಮೂವರೂ ಅಪ್ಪನ ಸುತ್ತ ದೋಣಿಯ ತಳಕ್ಕೆ ಕವುಚಿಕೊಂಡರಂತೆ.

ಆಗ ಬಿತ್ತು ನೋಡು ಸಿಡಿಲು! ಪಕ್ಕದಲ್ಲೇ ನೀರಿನಿಂದ ತಲೆ ಎತ್ತಿದ್ದ ಒಂಟಿ ಬಂಡೆಯ ನೆತ್ತಿ ಎರಡು ಹೋಳಾಯ್ತಂತೆ. ದೋಣಿಗೆ ಏನೂ ಆಗಲಿಲ್ಲ.

ಆಮೇಲೆ ಮೋಡ ಗುಡುಗ್ತಾ ಆಚೆ ಹೋಯ್ತು, ಇವರು ಹುಟ್ಟು ಹಾಕ್ತಾ ದಡದ ಹತ್ತಿರ ಬಂದರು. ತುಳಸು ನೋಡ್ತಾಳೆ, ಅವ್ವ ಮರಳಿನ ಮೇಲೆ ಕೂತು, ಕಲ್ಲಿಗೆ ಬಡಿದು ಬಳೆ ಒಡ್ಕೊಳ್ಳೋಕೆ ಕೈ ಎತ್ತಿದ್ದಾಳೆ. ತುಳಸು ಕೂಗಿದಳು, ಗಾಳಿ ಎದುರು, ಕೇಳಿಸಲಿಲ್ಲ. ಬೀರ ಕೂಗಿದ, ಮಕ್ಕಳು ಅಳ್ತಿದ್ದಾರೆ ಅಂದ್ಕೊಂಡಳಂತೆ ಅವ್ವ. ಒಂದು ಬಳೆ ಒಡೀತು. ತುಳಸು ಅಪ್ಪನ ತಲೆ ತೊಡೆ ಮೇಲೆ ಇಟ್ಕೊಂಡು, ಬಾಯಿಗೆ ನೀರು ಬಿಟ್ಟು, ಅಪ್ಪಾ ಹಾಡು, ಸಾಯೋದಾದ್ರೆ ಆಮೇಲೆ ಸಾಯಿ, ಈಗ ಹಾಡು, ಅಂದಳಂತೆ. ಜಟ್ಟಪ್ಪ ಕಣ್ಣು ಬಿಟ್ಟು, ಅರೆ, ನನ್ನ ಕಂಬ ಎಲ್ಲಿ, ಅಂದನಂತೆ. ಆಮೇಲೆ ದಡದಲ್ಲಿ ಹೆಂಡ್ತಿ ಕಂಡಳು. ಇದ್ದಬದ್ದ ಶಕ್ತಿಯೆಲ್ಲ ಒಟ್ಟು ಮಾಡಿ, ಅಲೆಗೆ ಬೈದೂ ಬೈದೂ ದಪ್ಪ ಆಗಿದ್ದ ಆ ಗಂಟಲಲ್ಲಿ, ಮನೆ ಕಡೆ ಮುಖ ಹಾಕು ಹೈಸಾ, ಅಂತ ಎಳೆದನಂತೆ. ದಡದಲ್ಲಿ ಅವ್ವ ಎತ್ತಿದ ಕೈ ಅಲ್ಲೇ ನಿಂತಿತಂತೆ.

ಅವ್ವ ಸೊಂಟದುದ್ದ ನೀರಿಗೆ ಓಡಿಬಂದು, ಕಂಬ ಮಲಗಿಸಿದ್ದು ಯಾರು ಅಂತ ಕೇಳಿ, ತುಳಸು ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಅವಳನ್ನ ತಬ್ಕೊಂಡು ಬಿಕ್ಕಿ ಬಿಕ್ಕಿ ಅತ್ತಳಂತೆ. ಮುದುಕಿಯ ಮದ್ದು ಕುಡಿದು ಜಟ್ಟಪ್ಪ ಎದ್ದು ಕೂತ, ತನ್ನ ಲೆಕ್ಕದ ಕೊನೇ ಸಾಲು ತಾನೇ ಬದಲಾಯಿಸಿದ, ಒಂದರಲ್ಲಿ ಕಡಿದ್ರೆ ಕಂಬ ಮಲಗಿಸು, ಆಮೇಲೆ ಕೈಮುಗಿ ಅಂತ. ಆವತ್ತಿನಿಂದ ಆ ಊರ ಹೆಂಗಸರು ಕಂಬ ನೋಡಿ ಅಳೋದು ಬಿಟ್ಟು, ಹಾಡು ಕೇಳೋ ತನಕ ಕಾಯ್ತಾರಂತೆ. ಅವ್ವ ಮಾತ್ರ ಒಂದು ಕೈಗೆ ಒಂದು ಬಳೆ ಕಮ್ಮಿಯೇ ಹಾಕ್ಕೊಳ್ತಿದ್ದಳಂತೆ, ಯಾಕೆ ಅಂತ ಕೇಳಿದ್ರೆ ಮಗಳ ಕಡೆ ಕೈ ತೋರಿಸ್ತಿದ್ದಳಂತೆ.

ಅಗೋ, ಹೊರಗೆ ಮಿಂಚಿತು. ಹಾಡು ನೋಡೋಣ, ಗಾಳಿಗೆ ಗಂಜಿ ಹಾಕು, ಅಲೆಗೆ ಎಲೆ ಹಾಕು... ಎರಡಕ್ಕೇ ನಿದ್ದೆ ಬಂತಾ? ಮಲಗು ಮಗಾ. ದೋಣಿ ದಡ ಸೇರ್ತು, ಕತೆ ಮುಗೀತು.