ತಲೆದಿಂಬಿನ ಜಾಗ

ಕುರಿ ಹಿಂಡು ಹೊಡೆದುಕೊಂಡು ಗಂಡ ಊರು ಬಿಟ್ಟ ಮೇಲೆ ಏಳು ತಿಂಗಳ ಬಸುರಿ ಮಾಳವ್ವನ ಮನೆಯಲ್ಲಿ ಮಾತಾಡುವವರೇ ಇರಲಿಲ್ಲ. ಮಧ್ಯಾಹ್ನ ಎಡಮಗ್ಗುಲಿಗೆ ಮಲಗುವಳು, ಸೊಂಟ ಹಿಡಿಯುವುದು. ಹೊರಳಬೇಕೆಂದರೆ ಪ್ರತಿ ಸಲವೂ ಎದ್ದು ಕೂತೇ ಮಗ್ಗುಲು ಬದಲಿಸುವಳು. ಮಲಗಿದಲ್ಲೇ ಹೊರಳಿದರೆ ಕೂಸಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆಂದು ಸೂಲಗಿತ್ತಿ ಹೆದರಿಸಿದ್ದಳು.

ಅವಳ ಬೆನ್ನಿಗೆ ಒತ್ತಾಗಿದ್ದ ಗಂಡನ ಹಳೇ ಕಂಬಳಿ ತಲೆದಿಂಬಿಗೆ ಹೇಳಿತು: "ಹೊಟ್ಟೆಗೆ ಆಸರೆಯಿಲ್ಲ. ನೀನು ಕೆಳಗಿಳಿದು ಅದನ್ನು ಹೊರಬಾರದೇ?"

"ನಾನು ತಲೆ ಹೊರುವ ದಿಂಬು. ಅವಳ ಚಿಂತೆಯೆಲ್ಲ ನನಗೊಬ್ಬನಿಗೇ ಗೊತ್ತು," ಎಂದಿತು ದಿಂಬು ಬಿಗುಮಾನದಿಂದ.

"ಗೊತ್ತಿದ್ದು ಏನು ಮಾಡಿದೆ?"

ಅವಳ ಕಣ್ಣೀರಿಗೆ ಗವಸು ತೊಯ್ಯಿಸಿಕೊಂಡದ್ದು ಬಿಟ್ಟರೆ ದಿಂಬು ಏನೂ ಮಾಡಿರಲಿಲ್ಲ. ಮಾಳವ್ವ ಮತ್ತೆ ಎದ್ದು ಕೂತಾಗ ಅದು ತಾನಾಗಿಯೇ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಹೊಟ್ಟೆಯ ಕೆಳಗೆ ಆನಿಸಿಕೊಂಡು, ತೋಳನ್ನೇ ತಲೆಗಿಟ್ಟು ಮಲಗಿದಳು. ಬಹಳ ದಿನದ ಮೇಲೆ ಕಣ್ಣು ಹತ್ತಿತು.

ಅಷ್ಟರಲ್ಲಿ ದಿಂಬು ಬೆಚ್ಚಿಬಿತ್ತು. "ಯಾರೋ ನನ್ನನ್ನು ಒದ್ದರು!"

"ಒದೆಯಲಿ ಬಿಡು," ಎಂದಿತು ಕಂಬಳಿ ಮೆಲ್ಲಗೆ. "ಇಷ್ಟು ದಿನದಲ್ಲಿ ಈ ಮನೆಯಲ್ಲಿ ನಮ್ಮನ್ನು ಮಾತಾಡಿಸಿದ್ದು ಅದೊಂದೇ ಜೀವ."